ಮುಚ್ಚಳವೋ, ಬಾಗಿಲೋ? ಮೂರು ಸಣ್ಣ ಕೆಂಡದ ಒಲೆಗಳ ಹೋಲಿಕೆ

ಸಣ್ಣ ಬಾರ್ಬೆಕ್ಯೂ ಕೊಳ್ಳುವವರು ಸಾಮಾನ್ಯವಾಗಿ ಅಗಲ ಎಷ್ಟು, ತೂಕ ಎಷ್ಟು ಎಂದು ಕೇಳುತ್ತಾರೆ. ನಾನು ಮೊದಲು ನೋಡುವುದು ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ, ಅದನ್ನು ಬೇಕಾದಾಗ ಕಟ್ಟಲಿಕ್ಕೆ ಆಗುತ್ತದಾ ಎಂದು. ಗ್ಯಾಸಿನಲ್ಲಿ ನಾಬ್ ತಿರುಗಿಸಿದರೆ ಉರಿ ಏರುತ್ತದೆ, ಇಳಿಯುತ್ತದೆ. ಕೆಂಡಕ್ಕೆ ಆ ಕೆಲಸ ಮಾಡುವುದು ಗಾಳಿ. ಒಲೆ ಸಣ್ಣದಾದಷ್ಟೂ ಇದು ಜಾಸ್ತಿ ಮುಖ್ಯ. ದೊಡ್ಡದರಲ್ಲಾದರೆ ಮಾಂಸವನ್ನು ಉರಿಯಿಂದ ದೂರ ಸರಿಸಬಹುದು, ಸಣ್ಣದರಲ್ಲಿ ಸರಿಸಲು ಜಾಗವೇ ಇರುವುದಿಲ್ಲ ಅಲ್ವಾ?

ನಮ್ಮ ಮನೆ ಬದಿಯಡ್ಕದ ಕಡೆ. ಮೀನು ಬರುವುದು ಕುಂಬಳೆ, ಕಾಸರಗೋಡಿನ ಕಡಪ್ಪುರದಿಂದ, ಅಂದರೆ ಕಡಲ ಬದಿಯಿಂದ. ಈಗ ಮನೆಯಲ್ಲಿ ಮೂರು ಬಗೆಯ ಒಲೆಗಳಿವೆ. ಆನ್‌ಲೈನಿನಲ್ಲಿ ತರಿಸಿದ ಮಡಚುವ ತಗಡಿನ ಪೆಟ್ಟಿಗೆ, ಮುಚ್ಚಳ ಇರುವ ಸಣ್ಣ ದುಂಡು ಬಾರ್ಬೆಕ್ಯೂ, ಮತ್ತೆ ಅಜ್ಜಿಯ ಕಾಲದಿಂದ ಇರುವ ಇದ್ದಿಲಿನ ಅಗ್ಗಿಷ್ಟಿಕೆ. ಮೂರರಲ್ಲೂ ಅದೇ ಬಂಗುಡೆ, ಅದೇ ಕೋಳಿ ಕಾಲು, ಅದೇ ಮಸಾಲೆ ಹಾಕಿ ನೋಡಿದ್ದೇನೆ.

ಮಡಚುವ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹಗುರ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಬಹುದು, ಬೆಲೆ ಕಡಿಮೆ. ಆದರೆ ಬದಿಯ ತಗಡಿನಲ್ಲಿ ಸುಮ್ನೆ ತೂತು ಕೊರೆದಿರುತ್ತಾರೆ. ಅವನ್ನು ಮುಚ್ಚುವ ದಾರಿ ಇಲ್ಲ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಪಡುಗಾಳಿ ಬೀಸುತ್ತದೆ. ಆ ಹೊತ್ತಿಗೆ ಕಡಲ ಬದಿಯಲ್ಲಿ ಈ ಪೆಟ್ಟಿಗೆ ಇಟ್ಟರೆ ಗಾಳಿಯ ಕಡೆಯ ಕೆಂಡ ಧಗಧಗ ಎನ್ನುತ್ತದೆ, ಇನ್ನೊಂದು ಕಡೆ ಬೂದಿ ಕಟ್ಟಿ ಮಲಗುತ್ತದೆ. ಒಂದು ತುಂಡು ಕರಿ, ಇನ್ನೊಂದು ಹಸಿ. ತಗಡೂ ತೆಳು, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಪನೀರ್, ಈರುಳ್ಳಿ, ದೊಣ್ಣೆಮೆಣಸಿನ ತುಂಡುಗಳನ್ನು ಕಡ್ಡಿಗೆ ಚುಚ್ಚಿ ತಿರುಗಿಸುತ್ತಾ ಇರುವವರಿಗೆ ಸಾಕು. ಅದಕ್ಕಿಂತ ಜಾಸ್ತಿ ಅದರಿಂದ ಕೇಳಬಾರದು.

ದುಂಡು ಬಾರ್ಬೆಕ್ಯೂವಿನ ವಿಚಾರವೇ ಬೇರೆ. ಈ ವಿನ್ಯಾಸ ಹುಟ್ಟಿದ್ದು 1952ರಲ್ಲಿ, ಅಮೆರಿಕದ ಷಿಕಾಗೋ ಕಡೆ. ಜಾರ್ಜ್ ಸ್ಟೀಫನ್ ಎಂಬವರು ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದರು. ಅಲ್ಲಿ ನೀರಿನಲ್ಲಿ ತೇಲುವ ಬೋಯ್‌ಗಳನ್ನು ಮಾಡಲು ಅರ್ಧ ಗೋಲಗಳನ್ನು ಬೆಸೆಯುತ್ತಿದ್ದರು. ತೆರೆದ ಒಲೆಯಲ್ಲಿ ಗಾಳಿಯ ಕಾಟ ತಡೆಯಲಾರದೆ ಸ್ಟೀಫನ್ ಒಂದು ಅರ್ಧಕ್ಕೆ ಕಾಲು ಹಾಕಿ, ಇನ್ನೊಂದು ಅರ್ಧವನ್ನು ಮುಚ್ಚಳ ಮಾಡಿದರು. ಪಡುಗಾಳಿಯಲ್ಲಿ ಅಡುಗೆ ಮಾಡುವ ನಮಗೂ ಬೇಕಾದದ್ದು ಅದೇ.

ಇದರಲ್ಲಿ ಅಡಿಯಲ್ಲೊಂದು, ಮುಚ್ಚಳದಲ್ಲೊಂದು ಗಾಳಿಕಿಂಡಿ ಇರುತ್ತದೆ. ಎರಡನ್ನೂ ಬೇಕಾದಷ್ಟು ತೆರೆಯಬಹುದು. ಕೋಳಿ ಕಾಲಿಗೆ ನಾನು ಮಾಡುವುದು ಹೀಗೆ. ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟುತ್ತೇನೆ. ಕೋಳಿಯನ್ನು ಇನ್ನೊಂದು ಬದಿಗೆ ಇಟ್ಟು ಮುಚ್ಚುತ್ತೇನೆ. ಮುಚ್ಚಳದ ಕಿಂಡಿ ಕೋಳಿಯ ಮೇಲೆಯೇ ಬರಬೇಕು. ಆಗ ಬಿಸಿಗಾಳಿ ಮತ್ತು ಹೊಗೆ ಕೆಂಡದಿಂದ ಎದ್ದು, ಕೋಳಿಯನ್ನು ಸವರಿಕೊಂಡೇ ಹೊರಗೆ ಹೋಗುತ್ತದೆ. ಅಡಿಯ ಕಿಂಡಿ ಅರ್ಧ ತೆರೆದರೆ ಸಾಕು. ಒಳಗೆ ಬೆಂದ ಮೇಲೆ ಕೆಂಡದ ಮೇಲಕ್ಕೆ ಸರಿಸಿ ಚರ್ಮ ಗರಿಗರಿ ಮಾಡಿದರಾಯಿತು. ಕೋಳಿಯ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದಿದ್ದರೆ ಊಹೆ ಬೇಕಾಗುವುದಿಲ್ಲ. ಕಾಲಿನಲ್ಲಿ ಮೂಳೆಯ ಬುಡದ ಹತ್ತಿರ ಚುಚ್ಚಬೇಕು, ಆದರೆ ಮೂಳೆಗೆ ತಾಗಬಾರದು.

ಬಂಗುಡೆಗೆ ಮಾತ್ರ ಈ ದುಂಡು ಒಲೆ ನನಗೆ ಅಷ್ಟು ಹಿಡಿಸಲಿಲ್ಲ. ಮುಚ್ಚಳ ಹಾಕಿದರೆ ಮೀನು ಹಬೆಯಲ್ಲಿ ಬೆಂದ ಹಾಗೆ ಮೆತ್ತಗಾಗುತ್ತದೆ. ತೆಗೆದಿಟ್ಟರೆ ಜಾಲರಿ ಕೆಂಡದಿಂದ ದೂರ, ಸಾಕಷ್ಟು ಚುರುಕು ಬರುವುದಿಲ್ಲ.

ಅಗ್ಗಿಷ್ಟಿಕೆ ಗೆಲ್ಲುವುದು ಇಲ್ಲಿ. ಮೇಲೆ ಕೆಂಡದ ಗುಂಡಿ, ನಡುವೆ ತೂತಿನ ತಟ್ಟೆ, ಕೆಳಗೆ ಸಣ್ಣ ಬಾಗಿಲು. ಅಡಿಯಿಂದ ಗಾಳಿ ನೆಟ್ಟಗೆ ಮೇಲೇಳುತ್ತದೆ. ಜಪಾನಿನವರ ಶಿಚಿರಿನ್ ಒಲೆಗೂ ಕೆಳಗೆ ಇಂಥದ್ದೇ ಬಾಗಿಲು ಇದೆ, ಅವರೂ ಅದರ ಮೇಲೆ ಮೀನು ಸುಡುತ್ತಾರೆ. ಬಾಗಿಲನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿದರೆ ಬೀಸಣಿಗೆಯೂ ಬೇಡ. ಗಾಳಿ ಇಲ್ಲದ ದಿನ ಅಡಿಕೆ ಹಾಳೆಯ ತುಂಡಿನಿಂದ ನಾಲ್ಕು ಸಲ ಬೀಸಿದರೆ ಕೆಂಡ ಕೆಂಪಾಗುತ್ತದೆ. ಜಾಲರಿಯ ಮೇಲೆ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡಿಗೆ ಕೈ ತೆಗೆಯಬೇಕು ಅನ್ನಿಸಿದರೆ ಮೀನಿಗೆ ಸರಿಯಾದ ಉರಿ. ಐದಾರು ಸೆಕೆಂಡು ತಡೆಯಲಿಕ್ಕೆ ಆದರೆ ಅದು ಬದನೆಗೆ, ನೇಂದ್ರ ಹಣ್ಣಿಗೆ ಹದ.

ಬಂಗುಡೆಗೆ ಎರಡೂ ಬದಿ ಗೀರು ಹಾಕಿ, ಮೆಣಸು, ಅರಿಶಿನ, ಬೆಳ್ಳುಳ್ಳಿ, ಲಿಂಬೆ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಎಣ್ಣೆಯನ್ನು ಜಾಲರಿಗಿಂತ ಮೀನಿಗೆ ಸವರುವುದು ಒಳ್ಳೆಯದು. ಜಾಲರಿ ಚೆನ್ನಾಗಿ ಕಾದಿರಬೇಕು, ಇಲ್ಲದಿದ್ದರೆ ಚರ್ಮ ಅಂಟುತ್ತದೆ. ಬೂತಾಯಿಗಾದರೆ ಬಾಗಿಲು ಅರ್ಧ ಮುಚ್ಚಬೇಕು. ಅದರ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಜ್ವಾಲೆ ಏಳುತ್ತದೆ, ಆ ಮಸಿಯೆಲ್ಲ ಮೀನಿಗೆ ಹಿಡಿಯುತ್ತದೆ. "ಭಾವ, ಬಾಗಿಲು ನೋಡಿ" ಎಂದು ಕೂಗುವುದು ನಮ್ಮಲ್ಲಿ ಬೂತಾಯಿ ಸುಡುವಾಗಲೇ.

ಅಗ್ಗಿಷ್ಟಿಕೆಗೆ ಜಾಲರಿ ಬೇರೆಯಾಗಿ ಕೊಳ್ಳಬೇಕು. ಬೇಲಿಗೆ ಹಾಕುವ, ಸತುವಿನ ಲೇಪದ ಜಾಲರಿಯನ್ನು ಕತ್ತರಿಸಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಕೆಂಡದ ಶಾಖಕ್ಕೆ ಆ ಲೇಪ ಕೆಡುತ್ತದೆ, ಊಟಕ್ಕೆ ಸೇರುವುದು ಒಳ್ಳೆಯದಲ್ಲ. ಸ್ಟೀಲಿನದೇ ಇರಲಿ. ನಮ್ಮ ನೆಂಟರಲ್ಲಿ ಮೀನು, ಮಾಂಸ ತಿನ್ನದವರೂ ಇದ್ದಾರೆ. ಅವರ ಗೆಣಸು, ನೇಂದ್ರ ಹಣ್ಣಿಗೆಂದೇ ಇನ್ನೊಂದು ಜಾಲರಿ ಇಟ್ಟಿದ್ದೇವೆ. ನೇಂದ್ರವನ್ನು ಸಿಪ್ಪೆ ಸಮೇತ ಇಟ್ಟು ಅದು ಕಪ್ಪಾಗಿ ಬಿರಿಯುವ ತನಕ ಬಿಡಿ. ಒಳಗೆ ಪಾಯಸದ ಹಾಗೆ ಆಗಿರುತ್ತದೆ.

ಇದ್ದಿಲಿನ ಬಗ್ಗೆಯೂ ಹೇಳಲೇಬೇಕು, ಒಲೆ ಯಾವುದಾದರೂ ರುಚಿ ಅರ್ಧ ಅದರದ್ದೇ. ನಮ್ಮ ಕಡೆ ಗೆರಟೆಗೆ, ಅಂದರೆ ತೆಂಗಿನ ಚಿಪ್ಪಿಗೆ, ಬರ ಇಲ್ಲ. ಗೆರಟೆಯ ಇದ್ದಿಲು ಗಟ್ಟಿ, ಹೊಗೆ ಕಡಿಮೆ, ಬೂದಿಯೂ ಕಡಿಮೆ, ಶಾಖ ಜಾಸ್ತಿ. ಹಿಂದೆ ಇಸ್ತ್ರಿ ಪೆಟ್ಟಿಗೆಗೆ ಇದನ್ನೇ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಒಂದೇ ತೊಂದರೆ, ಬಾಗಿದ ತುಂಡುಗಳು ಒಂದರೊಳಗೊಂದು ಕೂತು ಗಾಳಿ ಕಟ್ಟುತ್ತವೆ. ಅದಕ್ಕೆ ಒಡೆದು, ಅಡ್ಡಾದಿಡ್ಡಿ ಹಾಕಬೇಕು. ಅಂಗಡಿಯಲ್ಲಿ ಸಿಗುವ ಬ್ರಿಕೆಟ್ ಎಂದರೆ ಇದ್ದಿಲ ಪುಡಿಯನ್ನು ಗಂಜಿಪುಡಿಯಂಥ ಅಂಟಿನಲ್ಲಿ ಒತ್ತಿದ ಗಟ್ಟಿ. ಹೊತ್ತಿಕೊಳ್ಳಲು ಅರ್ಧ ಗಂಟೆ ಬೇಕಾದರೂ ಆಮೇಲೆ ಒಂದೇ ಸಮನೆ ಉರಿಯುತ್ತದೆ. ಕೋಳಿಗೆ, ಅದೂ ದುಂಡು ಒಲೆಯಲ್ಲಿ, ಬ್ರಿಕೆಟ್ಟೇ ಚಂದ. ಮೀನಿಗೆ ಗೆರಟೆ.

ಹೊತ್ತಿಸಲಿಕ್ಕೆ ಸೀಮೆಎಣ್ಣೆ ಬೇಡ, ಆ ವಾಸನೆ ಮೀನಿಗೆ ಬರುತ್ತದೆ. ಒಣಗಿದ ತೆಂಗಿನ ಸಿಪ್ಪೆಯ ನಾರು ಸಾಕು. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ ಎಂದು ಹಾಕಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕಣ್ಣು, ಗಂಟಲಿಗೆ ಕೆಟ್ಟದ್ದು.

ಮಳೆಗಾಲದಲ್ಲಿ ಒಲೆಯನ್ನು ಒಳಗೆ ತರುವ ಆಸೆ ಬರುತ್ತದೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಆಸೆ ಸಹಜ. ಆದರೆ ಕೆಂಡ ಆರುತ್ತಾ ಇರುವಾಗಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಮೂರು ಕಡೆ ತೆರೆದ ಚಾವಡಿಯ ಅಂಚಿನಲ್ಲಿ ಮಾಡಿ, ಇಲ್ಲವೇ ಮಳೆ ಬಿಡುವ ತನಕ ಕಾಯಿರಿ. ಕಡಲ ಬದಿಗೆ ಹೋದರೆ ಕೆಂಡವನ್ನು ಹೊಯಿಗೆಯಲ್ಲಿ ಹೂಳಬೇಡಿ. ಅದು ತುಂಬಾ ಹೊತ್ತು ಬಿಸಿ ಇರುತ್ತದೆ, ಓಡಾಡುವ ಮಕ್ಕಳಿಗೆ ಕಾಣುವುದಿಲ್ಲ. ನೀರು ಹಾಕಿ ಪೂರ್ತಿ ಆರಿಸಿ, ವಾಪಸ್ ತನ್ನಿ.

ಒಂದೇ ಒಲೆ ಕೊಳ್ಳುವುದಾದರೆ ಮನೆಯಲ್ಲಿ ಏನು ಜಾಸ್ತಿ ತಿನ್ನುತ್ತೀರಿ ಎಂದು ನೋಡಿ. ಮೀನಿನ ಮನೆಯಾದರೆ ಅಗ್ಗಿಷ್ಟಿಕೆ, ದುಡ್ಡೂ ಉಳಿಯುತ್ತದೆ. ಕೋಳಿ ಜಾಸ್ತಿಯಾದರೆ ಮುಚ್ಚಳದ್ದು, ಅದೂ ಎನಾಮಲ್ ಲೇಪದ್ದೇ ತೆಗೆದುಕೊಳ್ಳಿ, ಬಣ್ಣ ಬಳಿದದ್ದು ಬೇಡ. ಅಂಗಡಿಯಲ್ಲೇ ಗಾಳಿಕಿಂಡಿಯನ್ನು ಬೆರಳಿನಿಂದ ಆಚೀಚೆ ಸರಿಸಿ ನೋಡಿ. ಹೊಸತರಲ್ಲೇ ಬಿಗಿ ಇದ್ದರೆ ಒಂದು ಮಳೆಗಾಲ ಕಳೆಯುವಾಗ ಅದು ಪೂರ್ತಿ ಕಚ್ಚಿಕೊಳ್ಳುತ್ತದೆ. ಮತ್ತೆ ಪ್ರತಿ ಸಲ ಬೂದಿ ತೆಗೆದಿಡಿ. ಬೂದಿ ತೇವ ಎಳೆದುಕೊಂಡು ತಳವನ್ನು ತಿನ್ನುತ್ತದೆ. ಆ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಮರಕ್ಕೆ ಬೇಕಾದ ಪೊಟ್ಯಾಷ್ ಸ್ವಲ್ಪ ಸಿಗುತ್ತದೆ.