ಬೋರ್ಡಿಗೆ ಗೊತ್ತು, ಆ್ಯಪ್ ಬಾಯಿ ಬಿಡುವುದಿಲ್ಲ: ಸ್ಮಾರ್ಟ್ ಗೇಟ್ ಮೋಟರ್ ಮತ್ತು ಅದರ ರಿಪೇರಿ

ಗೇಟ್ ಮುಚ್ಚಲಿಲ್ಲ ಅಂದರೆ ನನ್ನ ಫೋನಿನಲ್ಲಿ ಬರುವ ಮಾತು ಒಂದೇ: "ಏನೋ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ." ದಾರಿಗೆ ಏನಾದರೂ ಅಡ್ಡ ಬಂತಾ ಅಂತ ನೋಡುವ ಸೆನ್ಸರ್ ಮೇಲೆ ಜೇಡ ಬಲೆ ಕಟ್ಟಿದ್ದರೂ ಅದೇ ಮಾತು, ಟ್ರ್ಯಾಕಿನಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೂ ಅದೇ ಮಾತು. ಆದರೆ ಮೋಟರಿನ ಪ್ಲಾಸ್ಟಿಕ್ ಕವರ್ ತೆಗೆದು ನೋಡಿ. ಒಳಗೆ ಗೇಟನ್ನು ನಡೆಸುವ ಸರ್ಕ್ಯೂಟ್ ಬೋರ್ಡಿನ ಮೇಲೆ ಸಾಲಾಗಿ ಪುಟ್ಟ ಎಲ್‌ಇಡಿಗಳಿವೆ, ಪಕ್ಕದಲ್ಲೇ ಹೆಸರು ಮುದ್ರಿಸಿದ್ದಾರೆ, ಯಾವುದು ಆರಿದೆ, ಯಾವುದು ಉರಿಯುತ್ತಿದೆ ಅಂತ ನೋಡಿದರೆ ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ. ಆ್ಯಪ್ ಜೊತೆ ಮಾತಾಡುವ ವೈಫೈ ಮಾಡ್ಯೂಲ್ ಅದೇ ಕಂಪನಿಯದು, ಅದೇ ಬೋರ್ಡಿನ ಮೇಲೇ ಕೂತಿದೆ. ಇಷ್ಟಿದ್ದೂ ಆ ಎಲ್‌ಇಡಿ ಹೇಳುವುದನ್ನು ಆ್ಯಪ್ ನನಗೆ ಹೇಳುವುದಿಲ್ಲ. ಈ ವಿಮರ್ಶೆ ಬರೆಯಲು ಕೂತದ್ದೇ ಆ ಸಿಟ್ಟಿಗೆ.

ಕಂಪನಿಯ ಹೆಸರು ಬೇಡ. ಈ ಬಗೆಯ ಮೋಟರುಗಳೆಲ್ಲ ಒಳಗೆ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ. ನಮ್ಮದು ಪಕ್ಕಕ್ಕೆ ಸರಿಯುವ ಕಬ್ಬಿಣದ ಗೇಟ್, ಅದರ ಬುಡಕ್ಕೆ ಹಲ್ಲಿನ ಪಟ್ಟಿ, ಎ.ಸಿ. ಮೋಟರ್. ಉಳಿದದ್ದು ಬಾಕ್ಸಿನ ಮೇಲೆ ಇದೆ, ಓದಿಕೊಳ್ಳಿ. ವಾರಂಟಿ ಮುಗಿದು ಬಹಳ ಕಾಲವಾಗಿದೆ, ಹಾಗಾಗಿ ಇದು ಹೊಸ ಸಾಮಾನಿನ ಹೊಗಳಿಕೆ ಅಲ್ಲ.

ಇಷ್ಟವಾಗುವುದನ್ನು ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಕಾರಿನಲ್ಲಿ ಕೂತು ಸೀಟ್ ಬೆಲ್ಟಿಗೆ ಕೈ ಹಾಕುವ ಮೊದಲೇ ರಿಮೋಟ್ ಒತ್ತುತ್ತೇನೆ. ಕಂಬದ ಮೇಲಿನ ಹಳದಿ ದೀಪ ಮಿಣುಕುತ್ತದೆ, ಮೋಟರಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಟಕ್ ಅನ್ನುತ್ತದೆ, ಗೇಟ್ ಮೆಲ್ಲಗೆ ಹೊರಟು ಆಮೇಲೆ ವೇಗ ಹಿಡಿಯುತ್ತದೆ, ಕೊನೆಯ ಒಂದಡಿಯಲ್ಲಿ ಮತ್ತೆ ನಿಧಾನವಾಗಿ ಸದ್ದಿಲ್ಲದೆ ನಿಲ್ಲುತ್ತದೆ. ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿಕೊಂಡು, ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ದಾರಿ ಸಿದ್ಧ. ಆ ನಿಧಾನವಾಗಿ ನಿಲ್ಲುವುದು ಇದೆಯಲ್ಲ, ಅದನ್ನು ನೋಡುವುದು ನನಗೆ ಇವತ್ತಿಗೂ ಬೇಸರವಾಗಿಲ್ಲ. ಹೊರಗೆ ಹೋದ ಮೇಲೆ ತಾನಾಗಿ ಮುಚ್ಚಿಕೊಳ್ಳುವ ಸೌಲಭ್ಯ ಇದೆ, ಮುಚ್ಚಿದ ಮೇಲೆ ಫೋನಿಗೆ ಸಂದೇಶವೂ ಬರುತ್ತದೆ. ಆದರೂ ನಾನು ಕಾರು ನಿಲ್ಲಿಸಿ, ಗೇಟ್ ಪೂರ್ತಿ ಕೂತಿತಾ ಅಂತ ಕನ್ನಡಿಯಲ್ಲಿ ನೋಡಿಯೇ ಮುಂದೆ ಹೋಗುವುದು. ಭಾನುವಾರ ಬೆಳಿಗ್ಗೆ ಎರಡು ಸೆನ್ಸರುಗಳ ಗಾಜನ್ನು ಒಣಬಟ್ಟೆಯಿಂದ ಒರೆಸುತ್ತೇನೆ, ಟ್ರ್ಯಾಕಿನಲ್ಲಿ ಪೊರಕೆ ಆಡಿಸುತ್ತೇನೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಅಭ್ಯಾಸ ಆಗಿಹೋಗಿದೆ.

ಕಾರು ಹತ್ತಿರ ಬಂದರೆ ಗೇಟ್ ತಾನೇ ತೆರೆಯುವ ಸೌಲಭ್ಯವೂ ಇದೆ. ಅದನ್ನು ಆಫ್ ಮಾಡಿಟ್ಟಿದ್ದೇನೆ. ಮನೆ ಮುಂದಿನ ರಸ್ತೆಯಲ್ಲಿ ಸುಮ್ನೆ ಹಾದುಹೋದರೂ ತೆರೆದುಕೊಳ್ಳುವ ಗೇಟ್ ಇಟ್ಟುಕೊಂಡು ಏನು ಮಾಡುವುದು?

ಈಗ ದೊಡ್ಡ ಕಥೆಗೆ ಬರುತ್ತೇನೆ. ವರ್ಷದ ಕೆಲವು ತಿಂಗಳು ಮಾತ್ರ, ಸಂಜೆ ಸೂರ್ಯ ಇಳಿಯುವ ಹೊತ್ತಿಗೆ, ಗೇಟ್ ತೆರೆಯುತ್ತಿತ್ತು, ಆದರೆ ಮುಚ್ಚುತ್ತಿರಲಿಲ್ಲ. ಕತ್ತಲಾದ ಮೇಲೆ ತಾನಾಗಿ ಸರಿ. ಆ್ಯಪ್‌ನಲ್ಲಿ ಆ ಹಳೆಯ ಮಾತು. ಸರ್ವಿಸ್‌ಗೆ ಫೋನ್ ಮಾಡಿದರೆ ಬರುವುದು ಮರುದಿನ ಬೆಳಿಗ್ಗೆ, ಅಷ್ಟು ಹೊತ್ತಿಗೆ ಗೇಟ್ ಚೆನ್ನಾಗಿಯೇ ಓಡಾಡುತ್ತಿರುತ್ತದೆ. ಬಂದವರೊಬ್ಬರು ಬೋರ್ಡನ್ನು ಒಂದು ಸಲ ನೋಡಿ, "ಮೇಡಂ, ಬೋರ್ಡ್ ವೀಕ್ ಆಗಿದೆ, ಚೇಂಜ್ ಮಾಡಬೇಕು" ಅಂದರು. ಯಾವ ಭಾಗ ವೀಕ್, ಹೇಗೆ ಗೊತ್ತಾಯಿತು ಅಂದರೆ ಉತ್ತರ ಇಲ್ಲ. ಇನ್ನೊಬ್ಬರು ಬೋರ್ಡಿನಲ್ಲಿ ಸೆನ್ಸರಿನ ವೈರ್ ಬಂದು ಸೇರುವ ಟರ್ಮಿನಲ್‌ಗೆ ಒಂದು ತುಂಡು ವೈರ್ ಸಿಕ್ಕಿಸಿ, "ನೋಡಿ, ಈಗ ಸರಿಹೋಯಿತು" ಅಂತ ಹೊರಡಲು ಸಿದ್ಧರಾದರು.

ಆ ವೈರಿನ ತುಂಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಈ ಸೆನ್ಸರ್ ಎರಡು ಭಾಗ. ಒಂದು ಕಂಬದಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತದೆ, ಎದುರು ಕಂಬದಲ್ಲಿರುವುದು ಅದನ್ನು ಹಿಡಿಯುತ್ತದೆ. ಕಿರಣ ಸಿಗುತ್ತಿರುವವರೆಗೆ ಒಳಗಿನ ಕಾಂಟ್ಯಾಕ್ಟ್, ಅಂದರೆ ಪುಟ್ಟ ಸ್ವಿಚ್, ಸೇರಿಕೊಂಡಿರುತ್ತದೆ. ಮಗು ಅಡ್ಡ ಬಂದರೂ, ವೈರ್ ತುಂಡಾದರೂ, ಸೆನ್ಸರಿಗೆ ಕರೆಂಟ್ ತಪ್ಪಿದರೂ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ. ಬೋರ್ಡ್ ಅದನ್ನು "ಅಡ್ಡ ಏನೋ ಇದೆ" ಅಂತಲೇ ತಿಳಿಯುತ್ತದೆ, ಗೇಟ್ ಮುಚ್ಚುವುದಿಲ್ಲ. ಬೇಕೆಂದೇ ಹಾಗೆ ಮಾಡಿರುವುದು, ಸರಿಯಾಗಿಯೇ ಇದೆ. ಅಲ್ಲಿ ವೈರ್ ಸಿಕ್ಕಿಸಿದರೆ ದಾರಿ ಯಾವಾಗಲೂ ಖಾಲಿ ಅಂತ ಬೋರ್ಡಿಗೆ ಸುಳ್ಳು ಹೇಳಿದಂತೆ. ತಪ್ಪು ಸೆನ್ಸರಿನದೋ ಬೋರ್ಡಿನದೋ ಅಂತ ತಿಳಿಯಲು ಒಂದು ನಿಮಿಷ ಹಾಗೆ ಮಾಡಿ ನೋಡುವುದು ಬೇರೆ, ಹಾಗೇ ಬಿಟ್ಟುಹೋಗುವುದು ಬೇರೆ. ಅಮೆರಿಕದಲ್ಲಿ ಗೇಟ್ ಮೋಟರುಗಳಿಗೆ ಯುಎಲ್ 325 ಅನ್ನುವ ಮಾನದಂಡ ಇದೆ. ಸೆನ್ಸರ್ ನಿಜವಾಗಿ ಜೋಡಿಸಿದೆಯೇ, ಕೆಲಸ ಮಾಡುತ್ತಿದೆಯೇ ಅಂತ ಮೋಟರೇ ಪರೀಕ್ಷಿಸುತ್ತಿರಬೇಕು ಅಂತ 2016ರಿಂದ ಅದರಲ್ಲಿ ಕಡ್ಡಾಯ ಮಾಡಿದ್ದಾರೆ. ಅಂಥ ಮೋಟರಿನಲ್ಲಿ ಈ ವೈರಿನ ಆಟ ನಡೆಯುವುದಿಲ್ಲ. ನಮ್ಮದು ಅಂಥದ್ದಲ್ಲ. ಆ ವೈರನ್ನು ತೆಗೆಸಿಯೇ ಅವರನ್ನು ಕಳಿಸಿದೆ.

ಕೊನೆಗೆ ಒಂದು ಸಂಜೆ ಗೇಟ್ ಹಟ ಹಿಡಿದಿದ್ದಾಗಲೇ ಕವರ್ ತೆಗೆದು ಕೂತೆ. ಸೆನ್ಸರಿನ ಎಲ್‌ಇಡಿ ಆರಿತ್ತು. ಎದುರು ಕಂಬಕ್ಕೆ ಹೋಗಿ ಕಿರಣ ಹಿಡಿಯುವ ಸೆನ್ಸರಿನ ಮೇಲೆ ಅಂಗೈಯಿಂದ ನೆರಳು ಮಾಡಿದೆ, ಕಿರಣಕ್ಕೆ ಅಡ್ಡ ಬರದ ಹಾಗೆ. ತಕ್ಷಣ ಎಲ್‌ಇಡಿ ಹತ್ತಿಕೊಂಡಿತು, ಗೇಟ್ ಮುಚ್ಚಿಕೊಂಡಿತು! ಇಳಿಯುವ ಸೂರ್ಯ ಆ ಕಾಲದಲ್ಲಿ ನೇರವಾಗಿ ಆ ಗಾಜಿನೊಳಗೇ ಬೀಳುತ್ತಿದ್ದ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಬೇಕಾದಷ್ಟು ಇರುತ್ತದೆ, ಅದರ ನಡುವೆ ಆ ಸಣ್ಣ ಕಿರಣವನ್ನು ಗುರುತಿಸಲು ಆಗುತ್ತಿರಲಿಲ್ಲ. ಬೋರ್ಡಿಗೆ ಏನೂ ಆಗಿರಲಿಲ್ಲ.

ರಿಪೇರಿ ಅಂದರೆ ಎರಡೂ ಸೆನ್ಸರುಗಳ ಜಾಗ ಅದಲು ಬದಲು ಮಾಡಿದ್ದು. ಹಿಡಿಯುವುದು ಈಗ ಸೂರ್ಯನಿಗೆ ಬೆನ್ನು ಹಾಕಿದೆ, ಕಳಿಸುವುದು ಬಿಸಿಲಿಗೆ ಮುಖ ಮಾಡಿದೆ, ಅದಕ್ಕೆ ಬಿಸಿಲಿನ ಚಿಂತೆ ಇಲ್ಲ. ಒಂದು ಮಾತು, ಇದು ಎಲ್ಲ ಮನೆಯಲ್ಲೂ ಸುಲಭ ಅಲ್ಲ. ಕಳಿಸುವ ಸೆನ್ಸರಿಗೆ ಕರೆಂಟಿನ ಎರಡು ಎಳೆ ಸಾಕು, ಹಿಡಿಯುವುದಕ್ಕೆ ಕಾಂಟ್ಯಾಕ್ಟಿನ ಎರಡು ಎಳೆಯೂ ಬೇಕು. ನಮ್ಮಲ್ಲಿ ಎರಡೂ ಕಡೆ ನಾಲ್ಕು ಎಳೆಯ ಕೇಬಲ್ ಎಳೆದಿದ್ದರು, ಬದುಕಿಕೊಂಡೆವು. ಹೊಸದಾಗಿ ಹಾಕಿಸುವವರು ಇದೊಂದನ್ನು ಕೇಳಿ ಮಾಡಿಸಿಕೊಳ್ಳಿ. ಅಂಗಳ ಮುಚ್ಚಿ ಕಲ್ಲು ಹಾಕಿದ ಮೇಲೆ ಮತ್ತೆ ಅಗೆಸುವುದು ಯಾರಿಗೆ ಬೇಕು? ಬದಲಾಯಿಸಲು ಆಗದಿದ್ದರೆ ಸೆನ್ಸರಿನ ಮೇಲೆ ಸಣ್ಣ ಮುಚ್ಚಳದಂಥ ನೆರಳು ಕಟ್ಟಿಸಿ, ಅದೂ ಸಾಕಾಗಬಹುದು.

ಇಷ್ಟೂ ಕಾಲ ಆ್ಯಪ್‌ನಲ್ಲಿ "ಸೆನ್ಸರ್ ಅಡ್ಡಿ ತೋರಿಸುತ್ತಿದೆ" ಅಂತ ಒಂದು ಸಾಲು ಬಂದಿದ್ದರೆ ಇದೆಲ್ಲ ಮೊದಲ ಸಂಜೆಯೇ ಮುಗಿಯುತ್ತಿತ್ತು. ಕಂಪನಿಗೆ ಬರೆದೆ. ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ ಅಂತ ಉತ್ತರ ಬಂತು.

ಮುಂದಿನದು ಕೆಪಾಸಿಟರ್, ಅಂದರೆ ಮೋಟರ್ ತಿರುಗಲು ಶುರುಮಾಡಲು ನೆರವಾಗುವ ಭಾಗ. ಇದು ಬೇಗ ಮುಗಿಯುವ ವಿಷಯ. ಮೋಟರ್ ಗುಂಯ್ ಅನ್ನುತ್ತದೆ, ಗೇಟ್ ಅಲ್ಲಾಡುವುದಿಲ್ಲ, ಕೈಯಿಂದ ಸ್ವಲ್ಪ ತಳ್ಳಿಕೊಟ್ಟರೆ ಹೊರಡುತ್ತದೆ. ಎ.ಸಿ. ಮೋಟರಿನಲ್ಲಿ ಇಂಥ ಲಕ್ಷಣ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಕೆಪಾಸಿಟರ್ ಮೇಲೆ. ವರ್ಷ ಕಳೆದ ಹಾಗೆ ಅದರ ಶಕ್ತಿ ಇಳಿಯುತ್ತದೆ. ಮೈಮೇಲೆ ಎಷ್ಟು ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಮೀಟರ್ ಹಿಡಿದರೆ ಈಗ ಎಷ್ಟಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿಗೆ ಬಂದವರು ಮೀಟರ್ ಹಿಡಿಯದೆಯೇ "ಮೋಟರ್ ಸುಟ್ಟಿದೆ" ಅಂದರು! ಸುಟ್ಟ ಮೋಟರ್ ತಳ್ಳಿಕೊಟ್ಟರೆ ಓಡುತ್ತದಾ? ಹೊಸ ಮೋಟರಿಗೆ ಕೇಳಿದ ದುಡ್ಡಿನ ಮುಂದೆ ಕೆಪಾಸಿಟರ್ ಬೆಲೆ ಲೆಕ್ಕಕ್ಕೇ ಇಲ್ಲ. ಮುಟ್ಟುವ ಮೊದಲು ಮೇನ್ ಆಫ್ ಮಾಡಬೇಕು, ಕೆಪಾಸಿಟರಿನಲ್ಲಿ ಉಳಿದಿರುವ ಕರೆಂಟನ್ನೂ ಖಾಲಿ ಮಾಡಬೇಕು. ಗೊತ್ತಿಲ್ಲದವರು ಕೈ ಹಾಕಬೇಡಿ. ನಾನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು.

ಇಷ್ಟು ಹೊತ್ತಿಗೆ ಇಡೀ ವ್ಯವಸ್ಥೆಯನ್ನೇ ಕಿತ್ತು ಹಾಕಿ ಹಳೆಯ ಚಿಲಕಕ್ಕೆ ಮರಳೋಣ ಅನ್ನಿಸಿತ್ತು. ಮನಸ್ಸು ಬದಲಾಯಿಸಿದ್ದು ಒಬ್ಬ ವಯಸ್ಸಾದ ಮೆಕ್ಯಾನಿಕ್. ಆ ಸಲದ ತೊಂದರೆ ಬೇರೆ. ಗೇಟ್ ಅರ್ಧ ದಾರಿಗೆ ಹೋಗಿ ತಾನೇ ವಾಪಸ್ ಬರುತ್ತಿತ್ತು. ಅವರಿಗಿಂತ ಮೊದಲು ಬಂದವರು ಬೋರ್ಡಿನಲ್ಲಿರುವ, ಗೇಟ್ ತಳ್ಳುವ ಬಲವನ್ನು ಹೊಂದಿಸುವ ಫೋರ್ಸ್ ತಿರುಗಣೆಯನ್ನು ಪೂರ್ತಿ ಏರಿಸಿ ಹೋಗಿದ್ದರು. ಗೇಟ್ ಓಡುತ್ತಿತ್ತು, ಆದರೆ ಕೈ ಅಡ್ಡ ಇಟ್ಟರೂ ನಿಲ್ಲುವ ಹಾಗಿರಲಿಲ್ಲ. ಯುರೋಪಿನ ಇಎನ್ 12453 ಮಾನದಂಡದ ಪ್ರಕಾರ ಮುಚ್ಚುವ ಗೇಟಿನ ಅಂಚು, ಅದಕ್ಕೂ ಎದುರು ಕಂಬಕ್ಕೂ ನಡುವಿನ ಸಂದು 50ರಿಂದ 500 ಮಿಲಿಮೀಟರ್ ಇರುವಾಗ, 400 ನ್ಯೂಟನ್‌ಗಿಂತ ಜಾಸ್ತಿ ಒತ್ತುವ ಹಾಗಿಲ್ಲ. ಸುಮಾರು 40 ಕಿಲೋ ಭಾರ ಮೈಮೇಲೆ ಬಿದ್ದಷ್ಟು ಅದು. ಅಷ್ಟೇ ಸಾಕಷ್ಟು ಜೋರು, ಅಲ್ವಾ? ಅದನ್ನೂ ಮೀರಿ ಏರಿಸಿಟ್ಟರೆ ಗೇಟ್ ಬಳಿ ಮಕ್ಕಳನ್ನು ಬಿಡುವುದು ಹೇಗೆ?

ಈ ಹಿರಿಯರು ಬಂದವರೇ ಕವರ್ ಮುಟ್ಟಲಿಲ್ಲ. "ಕೀ ಕೊಡಿ ಅಮ್ಮ" ಅಂದರು. ಮೋಟರನ್ನು ಗೇಟಿನಿಂದ ಬಿಡಿಸುವ ಕೀ. ಅದನ್ನು ತಿರುಗಿಸಿ, ಗೇಟನ್ನು ಒಂದು ಕೈಯಿಂದ ಈ ತುದಿಯಿಂದ ಆ ತುದಿಗೆ ತಳ್ಳಿದರು, ಮತ್ತೆ ಎಳೆದರು. ಅರ್ಧಕ್ಕೆ ಬಂದಾಗ ಅವರ ಹೆಗಲು ಬಿಗಿಯಾಗಿದ್ದು ನನಗೂ ಕಂಡಿತು. ಅಲ್ಲೇ ಬಗ್ಗಿ ಚಕ್ರ ನೋಡಿದರು. ಬೇರಿಂಗ್ ತುಕ್ಕು ಹಿಡಿದಿತ್ತು. ಚಕ್ರ ಸವೆದು ಗೇಟ್ ಕೆಳಗೆ ಕೂತು, ಹಲ್ಲಿನ ಪಟ್ಟಿ ಮೋಟರಿನ ಹಲ್ಲುಚಕ್ರದ ಮೇಲೆ ಭಾರ ಹಾಕುತ್ತಿತ್ತು. ಅವೆರಡರ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಲೇಬೇಕಂತೆ, ಗೇಟಿನ ಭಾರ ಹೊರುವುದು ಚಕ್ರದ ಕೆಲಸ, ಮೋಟರಿನದಲ್ಲ. ಭಾರಕ್ಕೆ ಮೋಟರ್ ನಿಧಾನವಾದಾಗ ಏನೋ ಅಡ್ಡ ಬಂತು ಅಂತ ಬೋರ್ಡ್ ಹಿಂದೆ ತಿರುಗಿಸುತ್ತಿತ್ತು. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅವರು ಚಕ್ರ ಬದಲಾಯಿಸಿ, ಪಟ್ಟಿಯನ್ನು ಸರಿಯಾಗಿ ಎತ್ತಿ ಕೂರಿಸಿ, ಫೋರ್ಸ್ ತಿರುಗಣೆಯನ್ನು ಮತ್ತೆ ಇಳಿಸಿದರು. ನಾನು ಪಟ್ಟಿಗೆ ಗ್ರೀಸ್ ಹಚ್ಚಲಾ ಅಂದರೆ, ಬೇಡ, ಮಣ್ಣು ಮೆತ್ತಿಕೊಳ್ಳುತ್ತದೆ ಅಂದರು.

ಅವತ್ತಿನಿಂದ ಆ ಕೀ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ. ಭಾನುವಾರದ ಪೊರಕೆ ಕೆಲಸ ಆದ ಮೇಲೆ ಮೇನ್ ಆಫ್ ಮಾಡಿ, ಮೋಟರ್ ಬಿಡಿಸಿ, ಗೇಟನ್ನು ಒಮ್ಮೆ ಕೈಯಿಂದ ತಳ್ಳಿ ನೋಡುತ್ತೇನೆ. ಅಷ್ಟು ಭಾರದ ಕಬ್ಬಿಣ ಎರಡು ಬೆರಳಿಗೆ ಜಾರಿಕೊಂಡು ಹೋಗುವುದು ಒಂದು ಖುಷಿ. ನಿಜ ಹೇಳಬೇಕೆಂದರೆ ಇಡೀ ಸ್ಮಾರ್ಟ್ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಈ ಕೀ.

ಬೋರ್ಡ್ ಹಾಳಾಗುವುದೇ ಇಲ್ಲ ಅಂತಲ್ಲ. ಸಿಡಿಲಿನ ಹೊತ್ತಿನಲ್ಲಿ ವೋಲ್ಟೇಜ್ ಜಿಗಿದರೆ ಹೋಗುತ್ತದೆ, ಇರುವೆ ಗೂಡು ಕಟ್ಟಿದರೆ ರಿಲೇ ಕೆಡುತ್ತದೆ, ಹಲ್ಲಿ ಹೊಕ್ಕು ಶಾರ್ಟ್ ಆಗುವುದೂ ಉಂಟು. ಕೇಬಲ್ ಒಳಗೆ ಹೋಗುವ ತೂತುಗಳನ್ನು ಚೆನ್ನಾಗಿ ಮುಚ್ಚಿಸಿ, ಅರ್ಧ ಕಾಟ ತಪ್ಪುತ್ತದೆ. ನಿಜವಾಗಿಯೂ ಬೋರ್ಡ್ ಬದಲಾಯಿಸಬೇಕಾದರೆ ಹಳೆಯ ರಿಮೋಟುಗಳನ್ನು ಹೊಸದಕ್ಕೆ ಮತ್ತೆ ಕಲಿಸಬೇಕಾಗಬಹುದು, ಅದನ್ನು ಮಾಡಿಸದೆ ಮೆಕ್ಯಾನಿಕ್‌ನ ಕಳಿಸಬೇಡಿ.

ಇನ್ನು ಆ್ಯಪ್. ಮೇಲಿನ ಸಿಟ್ಟು ಇಳಿದಿಲ್ಲ, ಜೊತೆಗೆ ಇನ್ನೊಂದು ಸೇರಿದೆ. ಅದರಲ್ಲಿ ಇರುವುದು ಒಂದೇ ಬಟನ್. ಒತ್ತಿದರೆ ತೆರೆಯುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಒಳಗಿನಿಂದ ಒಬ್ಬರು, ಕಾರಿನಿಂದ ಒಬ್ಬರು ಒಟ್ಟಿಗೆ ಒತ್ತಿದರೆ ಗೇಟ್ ನಡುವೆ ನಿಂತುಬಿಡುತ್ತದೆ. ಬೋರ್ಡಿನಲ್ಲಿ ತೆರೆಯಲು, ಮುಚ್ಚಲು ಬೇರೆ ಬೇರೆ ಟರ್ಮಿನಲ್ ಇವೆ, ಆ್ಯಪ್ ಮಾಡಿದವರು ಅವನ್ನು ಬಳಸಿಕೊಂಡಿಲ್ಲ. ಇಂಟರ್ನೆಟ್ ಹೋದರೆ ಗೇಟಿನ ಪಕ್ಕದಲ್ಲೇ ನಿಂತಿದ್ದರೂ ಆ್ಯಪ್‌ನಿಂದ ತೆರೆಯಲು ಆಗುವುದಿಲ್ಲ. ರಿಮೋಟಿಗೆ ಇಂಟರ್ನೆಟ್ ಬೇಕಿಲ್ಲ, ಅದು ನೇರವಾಗಿ ರೇಡಿಯೋದಲ್ಲಿ ಮಾತಾಡುತ್ತದೆ. ಹಾಗಾಗಿ ಕಾರಿನಲ್ಲೊಂದು, ಬ್ಯಾಗಿನಲ್ಲೊಂದು ರಿಮೋಟ್ ಇಟ್ಟುಕೊಂಡೇ ಇದ್ದೇನೆ.

ಮೋಟರಿಗೆ ನಾಲ್ಕು ಸ್ಟಾರ್, ಆ್ಯಪ್‌ಗೆ ಒಂದು. ಕಂಪನಿಯ ಸರ್ವಿಸ್‌ಗೆ ಕೊಡಲು ಸ್ಟಾರ್ ಇಲ್ಲ, ವಾರ್ಷಿಕ ಕಾಂಟ್ರ್ಯಾಕ್ಟ್ ನಾನು ಮುಂದುವರಿಸಲಿಲ್ಲ. ಆ ದುಡ್ಡು ಚಕ್ರಕ್ಕೂ ಆ ಹಿರಿಯ ಮೆಕ್ಯಾನಿಕ್‌ಗೂ ಸಾಕಾಗಿ ಮಿಕ್ಕುತ್ತದೆ. ಬಜೆಟ್ ಬಿಗಿ ಇದ್ದವರು ವೈಫೈ ಮಾಡ್ಯೂಲ್ ಬಿಟ್ಟು, ಆ ಹಣವನ್ನು ಒಳ್ಳೆಯ ಚಕ್ರಕ್ಕೆ ಹಾಕಿ. ಕೊಳ್ಳುವ ಮೊದಲು ಅಂಗಡಿಯಲ್ಲಿ ಗೇಟ್ ಓಡುವುದನ್ನು ತೋರಿಸುತ್ತಾರೆ. ಅದನ್ನು ನೋಡಿ, ಆಮೇಲೆ ಕವರ್ ತೆಗೆಸಿ. ಪ್ರತಿ ಎಲ್‌ಇಡಿ ಪಕ್ಕದಲ್ಲಿ ಹೆಸರು ಇದೆಯಾ, ಕೀ ತಿರುಗಿಸಲು ಎಷ್ಟು ಬಲ ಬೇಕು, ಸೆನ್ಸರಿಗೆ ಕೈ ಅಡ್ಡ ಹಿಡಿದರೆ ಅವರ ಫೋನಿನಲ್ಲಿ ಏನು ಬರುತ್ತದೆ, ಇಷ್ಟನ್ನು ನೀವೇ ಮಾಡಿ ನೋಡಿ.