ಆರ್‌ಎಂಐ ಲಿಸನರ್ ಬರೆಯುವವರೇ, ಸ್ವಲ್ಪ ಹುಷಾರು

ಜಾವಾದ ಆರ್‌ಎಂಐ (ಒಂದು ಕಂಪ್ಯೂಟರ್‌ನ ಪ್ರೋಗ್ರಾಂ ಇನ್ನೊಂದರಲ್ಲಿರುವ ಆಬ್ಜೆಕ್ಟನ್ನು ಕರೆಯುವ ವ್ಯವಸ್ಥೆ) ನಂಬಿ, ಒಂದು ಕಂಪ್ಯೂಟರ್‌ನಲ್ಲಿ ಆಗಿದ್ದನ್ನು ಇನ್ನೊಂದಕ್ಕೆ ತಿಳಿಸುವ ಲಿಸನರ್ ಬರೆದಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ, ಅದೂ ಸುಗ್ಗಿ ಟೈಮಲ್ಲಿ, ನಾನು ಮರ್ಯಾದೆ ಕಳೆದುಕೊಂಡ ಕಥೆ.

ಗೇಟಿನ ಹತ್ತಿರ ವೇಬ್ರಿಡ್ಜ್, ಅಲ್ಲೊಂದು ಕಂಪ್ಯೂಟರ್. ಒಳಗೆ ಆಫೀಸಿನಲ್ಲಿ ಗುಮಾಸ್ತರ ಕಂಪ್ಯೂಟರ್. ಗುಮಾಸ್ತರ ಕಡೆಯ ಪ್ರೋಗ್ರಾಂ ತನ್ನ ಲಿಸನರನ್ನು ವೇಬ್ರಿಡ್ಜ್‌ಗೆ ಒಪ್ಪಿಸಿ ಕಾಯುತ್ತಿರುತ್ತದೆ. ತೂಕ ಆದ ಕೂಡಲೇ ಅಲ್ಲಿಂದ ಕರೆ ಬಂದು ವಿಂಡೋದಲ್ಲಿ ಅಂಕಿ ಬದಲಾಗುತ್ತದೆ. ನಡುವೆ ಕೇಬಲ್ ಇಲ್ಲ, ಕಂಬದ ಮೇಲೆ ರೇಡಿಯೊ. ಎರಡೂ ಕಂಪ್ಯೂಟರ್‌ಗೆ ಯುಪಿಎಸ್ ಇತ್ತು, ರೇಡಿಯೊಗೆ ಇರಲಿಲ್ಲ.

ನವೆಂಬರ್ ಕೊನೆ. ಭತ್ತದ ಟ್ರ್ಯಾಕ್ಟರ್‌ಗಳ ಸಾಲು ರಸ್ತೆವರೆಗೂ ಬಂದಿತ್ತು. ಮಧ್ಯಾಹ್ನ ಅರ್ಧ ಗಂಟೆ ಕರೆಂಟ್ ಹೋಗಿ ಬಂತು. ಸಂಜೆ ಒಬ್ಬ ರೈತರು ಚೀಟಿ ಹಿಡಿದು ಬಂದರು. "ಏನ್ರೀ ಸಾಹುಕಾರ್ರೆ, ನನ್ನ 10 ಚೀಲ ಎಲ್ಲಿ ಹೋದ್ವು?" 75 ಕೆಜಿ ಚೀಲದ ಲೆಕ್ಕದಲ್ಲಿ ಏಳೂವರೆ ಕ್ವಿಂಟಲ್! ನೋಡಿದರೆ ಅವರ ಚೀಟಿಯಲ್ಲಿ ಇದ್ದದ್ದು ಹಿಂದಿನ ಟ್ರ್ಯಾಕ್ಟರ್‌ನ ತೂಕ. ವಿಂಡೋ ತೆರೆದೇ ಇತ್ತು, ಹಳೇ ಅಂಕಿ ತೋರಿಸುತ್ತಾ. ಎರರ್ ಇಲ್ಲ, ಏನಿಲ್ಲ. ಗುಮಾಸ್ತರದು ಏನು ತಪ್ಪು? ಕಂಡದ್ದನ್ನು ಬರೆದಿದ್ದರು.

ತಪ್ಪು ನನ್ನದು. ಲಿಸನರನ್ನು ರಿಜಿಸ್ಟರ್ ಮಾಡುವ ಸಾಲಿನಲ್ಲೇ 'ನ್ಯೂ' ಎಂದು ಹುಟ್ಟಿಸಿ ಕೊಟ್ಟಿದ್ದೆ. ಯಾವ ವೇರಿಯಬಲ್‌ನಲ್ಲೂ ಹಿಡಿದಿರಲಿಲ್ಲ. ಎಕ್ಸ್‌ಪೋರ್ಟ್ ಆಯ್ತಲ್ಲ (ಹೊರಗಿನ ಕರೆಗೆ ತೆರೆದಿಟ್ಟಾಯ್ತಲ್ಲ), ಆರ್‌ಎಂಐ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ನೋಡಿಕೊಳ್ಳುತ್ತದೆ, ಆದರೆ ಆಚೆಯವರು ಬಾಡಿಗೆ ಕಟ್ಟುವ ತನಕ ಮಾತ್ರ. ಸ್ಟಬ್ (ದೂರದ ಲಿಸನರನ್ನು ಕರೆಯಲು ಸಿಗುವ ಪ್ರತಿನಿಧಿ) ಇಟ್ಟುಕೊಂಡ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಯಂತ್ರ), ಇಲ್ಲಿ ವೇಬ್ರಿಡ್ಜ್‌ನದು, "ನನಗೆ ಇದು ಇನ್ನೂ ಬೇಕು" ಎಂದು ಆಗಾಗ ಹೇಳುತ್ತಿರಬೇಕು. ನಾವು ಏನೂ ಬದಲಿಸದಿದ್ದರೆ ಈ ಲೀಸ್, ಅಂದರೆ ಬಾಡಿಗೆ ಅವಧಿ, 10 ನಿಮಿಷದ್ದು. ರೇಡಿಯೊ ಅರ್ಧ ಗಂಟೆ ಬಂದ್ ಆಗಿದ್ದಕ್ಕೆ ಲೀಸ್ ಮುಗಿಯಿತು. ಆಮೇಲೆ ಆರ್‌ಎಂಐ ಕೈಯಲ್ಲಿ ಉಳಿಯುವುದು ವೀಕ್ ರೆಫರೆನ್ಸ್ (ಆಬ್ಜೆಕ್ಟನ್ನು ಉಳಿಸಿಕೊಳ್ಳಲಾಗದ ಸಡಿಲ ಹಿಡಿತ) ಅಷ್ಟೇ. ಮುಂದಿನ ಗಾರ್ಬೇಜ್ ಕಲೆಕ್ಷನ್‌ಗೆ (ಯಾರೂ ಹಿಡಿದಿರದ ಆಬ್ಜೆಕ್ಟ್‌ಗಳನ್ನು ಜಾವಾ ಗುಡಿಸುವ ಕೆಲಸ, ಜಿಸಿ) ಲಿಸನರ್ ಗುಡಿಸಿಕೊಂಡು ಹೋಯಿತು. ಅದು ಯಾವಾಗ ಓಡುತ್ತದೋ ಹೇಳೋಕಾಗಲ್ಲ. ಅದಕ್ಕೇ ಹಿಂದೆ ಎಷ್ಟೋ ಸಲ ಕರೆಂಟ್ ಹೋಗಿ ಬಂದರೂ ಎಲ್ಲ ನೆಟ್ಟಗಿತ್ತು.

ವೇಬ್ರಿಡ್ಜ್ ಕಡೆ ಪ್ರತಿ ತೂಕಕ್ಕೂ 'ನೋಸಚ್‌ಆಬ್ಜೆಕ್ಟ್‌ಎಕ್ಸೆಪ್ಷನ್', ಅಂದರೆ ಅಂಥ ಆಬ್ಜೆಕ್ಟ್ ಇಲ್ಲ ಎಂಬ ಎರರ್, ಬರುತ್ತಿತ್ತು. ಅದನ್ನು ಹಿಡಿದ ಕ್ಯಾಚ್ ಬ್ಲಾಕ್ ಖಾಲಿ. ಅದನ್ನು ಬರೆದವನೂ ನಾನೇ.

ಗಡಿಬಿಡಿಯಲ್ಲಿ ಆಫೀಸಿನ ಕಡೆ 'ಜಾವಾ.ಆರ್‌ಎಂಐ.ಡಿಜಿಸಿ.ಲೀಸ್‌ವ್ಯಾಲ್ಯೂ' ಅನ್ನು 36,00,000 ಮಿಲಿಸೆಕೆಂಡ್, ಅಂದರೆ ಒಂದು ಗಂಟೆ ಮಾಡಿದೆ. ಈ ಹಾದಿ ಮಾತ್ರ ಹಿಡಿಯಬೇಡಿ. ಎರಡು ದಿನ ಬಿಟ್ಟು ಎರಡು ತಾಸು ಕರೆಂಟ್ ಹೋಯಿತು. ಮತ್ತೆ ಅದೇ ಹಾಡು.

ಈಗ ಲಿಸನರ್ ಒಂದು ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ (ಪ್ರೋಗ್ರಾಂ ಓಡುವ ತನಕ ಉಳಿಯುವ ವೇರಿಯಬಲ್) ಇದೆ. ಇದೊಂದರಿಂದಲೇ ಅರ್ಧ ಕಾಯಿಲೆ ವಾಸಿ. ಆದರೆ ವೇಬ್ರಿಡ್ಜ್ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಅದರ ಪಟ್ಟಿಯೇ ಖಾಲಿ, ಅಲ್ವಾ? ಅದಕ್ಕೆ ನಿಮಿಷಕ್ಕೊಮ್ಮೆ ಮತ್ತೆ ರಿಜಿಸ್ಟರ್ ಮಾಡುತ್ತೇನೆ. ಪಟ್ಟಿಯನ್ನು ಸೆಟ್‌ನಲ್ಲಿ ಇಟ್ಟರೆ ಅದೇ ಸ್ಟಬ್ ಎರಡು ಸಲ ಸೇರುವುದಿಲ್ಲ. ಕರೆ ಸೋತ ಲಿಸನರನ್ನು ವೇಬ್ರಿಡ್ಜ್ ಲಾಗ್‌ಗೆ ಬರೆದು ಕಿತ್ತುಹಾಕುತ್ತದೆ. ಪ್ರತಿ ತೂಕಕ್ಕೂ ಕ್ರಮಸಂಖ್ಯೆ ಕೊಟ್ಟೆ, ನಡುವೆ ತಪ್ಪಿದ್ದು ಇದ್ದರೆ ಆಫೀಸು ಕೇಳಿ ತರಿಸಿಕೊಳ್ಳುತ್ತದೆ. ಇದು ನನ್ನ ಜಾಣತನ ಏನಲ್ಲ. ಸನ್ ಕಂಪನಿ 1999ರಲ್ಲಿ ಹೊರತಂದ, ಆರ್‌ಎಂಐ ಬಳಸುವ ನೆಟ್‌ವರ್ಕ್ ತಂತ್ರಜ್ಞಾನವಾದ ಜಿನಿಯಲ್ಲಿ ರಿಮೋಟ್ ಈವೆಂಟ್‌ಗೆ ಕ್ರಮಸಂಖ್ಯೆಯೂ ಇತ್ತು, ರಿಜಿಸ್ಟ್ರೇಷನ್‌ಗೆ ಲೀಸೂ ಇತ್ತು. ನಾನು ಓದಿರಲಿಲ್ಲ ಅಷ್ಟೇ.

ಇನ್ನೊಂದು: 'ಸನ್.ಆರ್‌ಎಂಐ.ಟ್ರಾನ್ಸ್‌ಪೋರ್ಟ್.ಟಿಸಿಪಿ.ರೆಸ್ಪಾನ್ಸ್‌ಟೈಮೌಟ್' ಎಂಬ ಸೆಟ್ಟಿಂಗ್ ಮೊದಲಿಗೆ ಸೊನ್ನೆ ಇರುತ್ತದೆ, ಅಂದರೆ ಕಾಯಲು ಮಿತಿಯೇ ಇಲ್ಲ. ಕರೆಯ ನಡುವೆ ಆಚೆ ಕಡೆ ಸತ್ತರೆ ಉತ್ತರಕ್ಕಾಗಿ ಕಾಯುತ್ತಲೇ ಕೂರುತ್ತದೆ, ಸಾಲಿನಲ್ಲಿ ಹಿಂದಿರುವ ಲಿಸನರ್‌ಗಳಿಗೂ ಸುದ್ದಿ ಹೋಗುವುದಿಲ್ಲ. ಅದಕ್ಕೊಂದು ಮಿತಿ ಹಾಕಿ.

ಮೇಜಿನ ಮೇಲೆ ಟೆಸ್ಟ್ ಮಾಡಿದಾಗ ಇದ್ಯಾವುದೂ ಕಾಣಲಿಲ್ಲ, ಯಾಕಂದ್ರೆ ನಾನು ಕೇಬಲ್ ಕಿತ್ತಿದ್ದು ಒಂದೇ ನಿಮಿಷ. ನೀವು 15 ನಿಮಿಷ ಕಿತ್ತಿಡಿ. ಲಿಸನರ್ ಇರುವ ಕಡೆ ಜೆಕನ್ಸೋಲ್ (ಓಡುತ್ತಿರುವ ಜಾವಾ ಪ್ರೋಗ್ರಾಂ ಒಳಗೆ ನೋಡುವ ಸಾಧನ) ತೆರೆದು ಜಿಸಿ ಬಟನ್ ಒತ್ತಿ. ಆಮೇಲೆ ಕೇಬಲ್ ಹಾಕಿ, ವೇಬ್ರಿಡ್ಜ್ ಮೇಲೆ ಯಾರನ್ನಾದರೂ ನಿಲ್ಲಿಸಿ ನೋಡಿ.