ರಬ್ಬರ್ ಹಾಲಿಗೆ ಸರಿಯಾದ ಡಿಆರ್‌ಸಿ ಬರೆಯುವ ಒಂದು ಡಿಪೋ

ಶೀಟ್ ಮಾಡುವುದನ್ನು ಬಿಟ್ಟು ರಬ್ಬರ್ ಹಾಲನ್ನೇ ಕೊಡಲು ಶುರು ಮಾಡಿದ ಮೇಲೆ ನಮ್ಮ ಮನೆಯಲ್ಲಿ ದಿನಾ ಒಂದೇ ಪ್ರಶ್ನೆ: ಡಿಆರ್‌ಸಿ ಎಷ್ಟು ಬಂತು? ಅಂದರೆ ನೂರು ಪಾಲು ಹಾಲಿನಲ್ಲಿ ಒಣ ರಬ್ಬರ್ ಎಷ್ಟು ಪಾಲು ಎಂದು. ದುಡ್ಡು ಸಿಗುವುದು ಹಾಲಿಗಲ್ಲ, ಅದರೊಳಗಿನ ಒಣ ರಬ್ಬರಿಗೆ. 100 ಕಿಲೋ ಹಾಲಿಗೆ 36 ಬರೆಯುವ ಕಡೆ 33 ಬರೆದರೆ 3 ಕಿಲೋ ರಬ್ಬರ್ ಗೋವಿಂದ.

ಮೊದಲು ಕೊಡುತ್ತಿದ್ದ ಕಡೆ ಮೆಟ್ರೋಲ್ಯಾಕ್ ಎಂಬ ಅಳತೆಯ ಕಡ್ಡಿ ಮಾತ್ರ ಇತ್ತು. ಹಾಲಿಗೆ ಎರಡು ಪಾಲು ನೀರು ಸೇರಿಸಿ ಆ ಗಾಜಿನ ಕಡ್ಡಿಯನ್ನು ತೇಲಿಸಿ ಓದುವುದು. ರಬ್ಬರ್ ನೀರಿಗಿಂತ ಹಗುರ, ಹಾಗಾಗಿ ರಬ್ಬರ್ ಜಾಸ್ತಿ ಇದ್ದರೆ ಕಡ್ಡಿ ಜಾಸ್ತಿ ಮುಳುಗುತ್ತದೆ. ಉಪಾಯವೇನೋ ಚಂದ. ಆದರೆ ನೊರೆ ತೆಗೆಯದೆ ಓದಿದರೆ, ಹಾಲು ಬಿಸಿಯಾಗಿದ್ದರೆ, ಲೆಕ್ಕ ತಪ್ಪುತ್ತದೆ. ಅಲ್ಲಿಯವರು ನೊರೆ ತೆಗೆದದ್ದನ್ನು ನಾನು ಕಂಡಿಲ್ಲ. ಕೇಳಿದರೆ "ಮಳೆಗಾಲ ಅಲ್ವಾ, ಹಾಲು ನೀರಾಗಿದೆ" ಎಂಬ ಉತ್ತರ. ಮಳೆಗಾಲದಲ್ಲಿ ಡಿಆರ್‌ಸಿ ಇಳಿಯುವುದು ನಿಜವೇ. ಆದರೆ ಫೆಬ್ರವರಿಯಲ್ಲೂ ಅದೇ ಮಾತಾದರೆ ಹೇಗೆ?

ಈಗ ಹೋಗುತ್ತಿರುವ ಡಿಪೋ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಗಿದೆ. ಅಂಗಡಿಯ ಹಿಂದೆ ಸಣ್ಣದೊಂದು ಲ್ಯಾಬ್. ಬ್ಯಾರೆಲನ್ನು ಚೆನ್ನಾಗಿ ಕಲಕಿದ ಮೇಲೆಯೇ ಸ್ಯಾಂಪಲ್ ತೆಗೆಯುತ್ತಾರೆ. ಅದರಲ್ಲಿ ಸುಮಾರು 10 ಗ್ರಾಂ ತೂಗಿ, ನೀರು ಸೇರಿಸಿ, ತೆಳು ಅಸಿಟಿಕ್ ಆಸಿಡ್ ಹನಿಸುತ್ತಾರೆ. ಹಾಲಿನಲ್ಲಿ ರಬ್ಬರಿನ ಕಣಗಳು ಋಣ ವಿದ್ಯುತ್ತಿನಿಂದ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಆಸಿಡ್ ಬಿದ್ದ ಕೂಡಲೇ ಆ ಜಗಳ ನಿಂತು ಎಲ್ಲ ಒಟ್ಟಿಗೆ ಅಂಟಿಕೊಳ್ಳುತ್ತವೆ. ಕೆಳಗೆ ತಿಳಿ ನೀರು, ಮೇಲೆ ಬಿಳಿ ಗಟ್ಟಿ. ಅದನ್ನು ಒತ್ತಿ ತೆಳ್ಳಗೆ ಮಾಡಿ, ತೊಳೆದು, 70 ಡಿಗ್ರಿಯ ಓವನ್‌ನಲ್ಲಿ ಇಡುತ್ತಾರೆ. ಆಸಿಡ್ ಹಾಕದೆ ಹಾಲನ್ನು ಸುಮ್ನೆ ಹಾಗೇ ಒಣಗಿಸಿದರೆ ಪ್ರೋಟೀನ್, ಸಕ್ಕರೆ ಎಲ್ಲ ಸೇರಿ ಸುಮಾರು 3 ಅಂಶ ಜಾಸ್ತಿ ತೋರಿಸುತ್ತದೆ. ಆಸಿಡ್ ಹಾಕಿ ತೊಳೆದರೆ ಉಳಿಯುವುದು ಹೆಚ್ಚುಕಡಿಮೆ ಪಾಲಿಐಸೊಪ್ರೀನ್, ಅಂದರೆ ಅಪ್ಪಟ ರಬ್ಬರ್ ಮಾತ್ರ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಆ ಪಾಲಿಮರ್ ಅಂಗೈಯಲ್ಲಿ ಹಪ್ಪಳದ ಹಾಗೆ ಕೂತಿರುವುದು ನೋಡಲು ಮಜಾ.

ಲ್ಯಾಬಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು. "ಇಲ್ಲಿ ನೋಡಿ ಮಾವ, ಬಿಳಿ ಚುಕ್ಕೆ ಕಾಣ್ತದಲ್ವಾ? ಒಳಗೆ ಇನ್ನೂ ನೀರು ಉಂಟು." ಮತ್ತೆ ಓವನ್‌ಗೆ ಹಾಕಿದಳು. ಪೂರ್ತಿ ಜೇನುಬಣ್ಣಕ್ಕೆ ತಿರುಗಿದ ಮೇಲೆಯೇ ತೂಕ. ಒಂದೇ ಹಾಲಿಗೆ ಎರಡು ಸ್ಯಾಂಪಲ್ ಮಾಡುತ್ತಾರೆ, ಎರಡರ ಅಂಕಿಯೂ ಚೀಟಿಯಲ್ಲಿರುತ್ತದೆ.

ತೊಂದರೆ ಇಲ್ಲವೆಂದಲ್ಲ. ಒಣಗಲು ರಾತ್ರಿಯಿಡೀ ಬೇಕು, ಆದ್ದರಿಂದ ದುಡ್ಡು ಮರುದಿನವೇ. ಟ್ಯಾಪರ್‌ಗೆ ಅಂದೇ ಕೂಲಿ ಕೊಡಬೇಕಾದವರಿಗೆ ಇದು ಕಷ್ಟ. ಜೀಪು ತಿರುಗಿಸಲು ಜಾಗವಿಲ್ಲ. ಒಟ್ಟುಪಾಲು (ಮರದಲ್ಲೂ ಚಿಪ್ಪಿನಲ್ಲೂ ಗಟ್ಟಿಯಾಗಿ ಉಳಿದ ರಬ್ಬರ್) ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆ ಅಂಗಡಿಯೇ ಗತಿ. ದಿನಕ್ಕೆ ಒಂದೆರಡು ಬಕೆಟ್ ಹಾಲಷ್ಟೇ ಇದ್ದರೆ ಇಲ್ಲಿವರೆಗಿನ ಬಾಡಿಗೆಯೂ ಹುಟ್ಟದು, ಶೀಟ್ ಮಾಡುವುದೇ ವಾಸಿ. ಬ್ಯಾರೆಲ್ ತುಂಬುವವರು ಹಾಲು ಗಟ್ಟಿಯಾಗದ ಹಾಗೆ ತೋಟದಲ್ಲೇ ಅಮೋನಿಯ ಹಾಕಿಕೊಂಡು ಹೋಗಿ. ದಾರಿಯಲ್ಲಿ ಗಟ್ಟಿಯಾದ ಹಾಲನ್ನು ಅವರು ಮುಟ್ಟುವುದಿಲ್ಲ.